ಅಜ್ಜಿಯ ಹೊಸ ಹಲ್ಲಿಗೆ ಮೂರು ತಲೆಮಾರಿನ ಮಾರ್ಕ್ಸು: ಒಂದು ಪ್ರಕರಣ

ಇದು ನನ್ನ ಹಲ್ಲಿನ ಕ್ಲಿನಿಕ್ಕಿಗೆ ಬಂದ, ಶಿರಸಿ ಕಡೆಯ ತೋಟದ ಮನೆ ಅಜ್ಜಿಯೊಬ್ಬರ ಕೇಸು. ಮನೆಯವರ ಒಪ್ಪಿಗೆ ತಗೊಂಡೇ ಬರೀತಿದ್ದೀನಿ, ಹೆಸರು ಊರು ಹಾಕಿಲ್ಲ, ವಯಸ್ಸು ಮತ್ತೆ ಮನೆಯ ವಿವರ ಅಲ್ಲಲ್ಲಿ ಬದಲಿಸಿದ್ದೀನಿ, ಬಾಯೊಳಗಿನ ವಿಷಯ ಮಾತ್ರ ಇದ್ದಂಗೇ ಇದೆ. ಕಟ್ಟಿಸೋ ಹಲ್ಲಿನ ಸೆಟ್ ಮಾಡೋ ಡಾಕ್ಟರುಗಳಿಗೆ, ಬಿಡಿಎಸ್ ಓದ್ತಿರೋ ಹುಡುಗ್ರಿಗೆ, ಮುಖ್ಯವಾಗಿ ಅಪ್ಪ-ಅಮ್ಮಂಗೆ ಹಲ್ಲು ಹಾಕ್ಸಬೇಕು ಅಂತ ಹೊರಟಿರೋ ಮಕ್ಕಳಿಗೆ ಉಪಯೋಗ ಆದೀತು ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ.

ಹಿನ್ನೆಲೆ

ಅಜ್ಜಿಗೆ 68ರ ಆಸುಪಾಸು. ಮೇಲಿನ ಸಾಲಲ್ಲಿ ಒಂದೂ ಹಲ್ಲಿಲ್ಲ, ವಸಡಿನ ಕಾಯಿಲೆಯಿಂದ ಒಂದೊಂದೇ ಅಲ್ಲಾಡಿ ಅಲ್ಲಾಡಿ ಕೊನೆಗೆ ಉಳಿದಿದ್ದನ್ನ ಬೇರೆ ಕಡೆ ತೆಗೆಸ್ಕೊಂಡು ಬಂದಿದ್ರು. ಕೆಳಗೆ ಮುಂದಿನ ಆರು ಹಲ್ಲು ಗಟ್ಟಿಯಾಗಿದ್ವು, ಅದರ ಹಿಂದೆ ಎರಡೂ ಕಡೆ ದವಡೆ ಹಲ್ಲು ಇಲ್ಲ. ಆ ಆರು ಹಲ್ಲಿನ ಬಣ್ಣ ಹೇಳೋದೇ ಬೇಡ, ವರ್ಷಗಟ್ಟಲೆ ಕವಳ (ಎಲೆ-ಅಡಿಕೆ) ಹಾಕಿದ ಬಾಯಿ, ಕಂದು ಕಪ್ಪು ಕೆಂಪು ಎಲ್ಲ ಸೇರಿತ್ತು. ನಮ್ಮ ಕಡೆ ಊಟ ಆದ್ಮೇಲೆ ಕವಳದ ಬಟ್ಟಲು ಬರದೇ ಇದ್ರೆ ಊಟ ಮುಗಿದಂಗೇ ಅಲ್ಲ, ಅದ್ರಲ್ಲೂ ಮನೆಯಲ್ಲೇ ಅಡಿಕೆ ಬೆಳೆಯೋರು. ಹಲ್ಲು ಹೋದ್ಮೇಲೂ ಬಿಟ್ಟಿರಲಿಲ್ಲ, ಕುಟ್ಟಾಣಿಯಲ್ಲಿ ಕುಟ್ಟಿ ಹಾಕ್ತಿದ್ರು.

ಅಡಿಕೆ ಬರೀ ಕಲೆ ಮಾಡೋ ವಸ್ತು ಅಲ್ಲ. ತಂಬಾಕು ಸೇರಿಸದೇ ಇದ್ರೂ ಅಡಿಕೆಯೊಂದೇ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲೇ ಇದೆ. ಹಾಗಾಗಿ ಮೊದಲ ದಿನ ಸೆಟ್ ಮಾತು ಬದಿಗಿಟ್ಟು ಕೆನ್ನೆ ಒಳಗೆ, ನಾಲಿಗೆ ಅಡಿ ಎಲ್ಲ ನೋಡ್ದೆ. ಬಿಳಿ ಪಟ್ಟಿ ಇರಲಿಲ್ಲ, ಬಾಯಿ ಪೂರ್ತಿ ತೆಗೆಯೋಕೆ ಬರ್ತಿತ್ತು, ಖಾರ ತಿಂದ್ರೆ ಉರಿ ಇಲ್ಲ ಅಂದ್ರು. ಹೊಗೆಸೊಪ್ಪು ಆವತ್ತಿಂದ್ಲೇ ಬಿಡ್ತೇನೆ ಅಂದ್ರು, ಬಿಟ್ರು ಕೂಡ. ಅಡಿಕೆ ಬಗ್ಗೆ ಮಾತು ಕೊಡಲಿಲ್ಲ.

ಇವರ ಇನ್ನೊಂದು ವಿಷಯ ಗೊತ್ತಿರಬೇಕು, ಮುಂದೆ ಬರುತ್ತೆ. ಇವರು ಹಾಡೋರು. ಮದುವೆ ಮುಂಜಿ ಮನೆಯಲ್ಲಿ ಸಂಪ್ರದಾಯದ ಹಾಡು ಹೇಳೋ ಹೆಂಗಸರ ಗುಂಪಲ್ಲಿ ಮುಂದೆ ಕೂರೋ ದನಿ ಇವರದು. ಹಲ್ಲು ಹೋದ್ಮೇಲೆ ಹಿಂದಿನ ಸಾಲಿಗೆ ಹೋಗಿ ಕೂತಿದ್ರು.

ಸಮಸ್ಯೆ

ಬಂದಿದ್ದು ಮೊಮ್ಮಗನ ಉಪನಯನದ ನೆಪದಲ್ಲಿ. ಕರ್ಕೊಂಡು ಬಂದಿದ್ದು ಬೆಂಗಳೂರಲ್ಲಿರೋ ಮಗ, 45ರ ಹತ್ರ ವಯಸ್ಸು, ಅಮ್ಮನ ಮೇಲೆ ಜೀವ ಇಟ್ಕೊಂಡಿರೋ ಮನುಷ್ಯ, ದುಡ್ಡಿನ ಮುಖ ನೋಡಲ್ಲ. ಅವರ ಬೇಡಿಕೆ ಒಂದೇ, ಇದ್ದಿದ್ರಲ್ಲೇ ಬೆಳ್ಳಗಿನ ಹಲ್ಲು, ಸಾಲಾಗಿ, ನಕ್ಕಾಗ ಪೂರ್ತಿ ಕಾಣೋ ಹಂಗೆ. ಫೋನಲ್ಲಿ ಯಾವುದೋ ಜಾಹೀರಾತಿನ ಹಿರಿಯ ಹೆಂಗಸಿನ ಫೋಟೋ ತೋರ್ಸಿ "ಆಯಿಗೂ ಹಿಂಗೇ ಬೇಕು" ಅಂದ್ರು (ಆಯಿ ಅಂದ್ರೆ ಅಮ್ಮ). ಜೊತೆಗೆ ಕಾಲೇಜು ಓದೋ ಮೊಮ್ಮಗಳು, 20 ವರ್ಷ, ಅವಳದ್ದೂ ಅದೇ ಅಭಿಪ್ರಾಯ, ಇನ್ನೂ ಒಂದು ಹೆಜ್ಜೆ ಮುಂದೆ, ನಗುವಾಗ ಬಾಯಿಯ ಎರಡೂ ಮೂಲೆಯಲ್ಲಿ ಕತ್ತಲೆ ಕಾಣಬಾರದು ಅಂದ್ಲು.

ಅಜ್ಜಿ ಏನೂ ಹೇಳಲಿಲ್ಲ. ಏನು ಬೇಕಮ್ಮಾ ನಿಮಗೆ ಅಂತ ಕೇಳಿದ್ರೆ "ನಿಂಗಕ್ಕೆ ಹ್ಯಾಂಗೆ ಚೊಲೋ ಕಾಣ್ತೋ ಹಂಗೆ ಮಾಡಿ" ಅಂದ್ರು. ಈ ಮಾತು ನಮ್ಮ ಕಡೆಯ ಹಿರಿಯರು ದಿನಾ ಹೇಳೋದೇ. ಇದನ್ನ ಒಪ್ಪಿಗೆ ಅಂತ ಬರ್ಕೊಂಡು ಮುಂದೆ ಹೋದ್ರೆ ಕೆಲಸ ಬೇಗ ಮುಗಿಯುತ್ತೆ, ಸೆಟ್ಟು ಡಬ್ಬಿಯಲ್ಲಿ ಉಳಿಯುತ್ತೆ. ಬೇರೆ ಕಡೆ ಮಾಡ್ಸಿದ, ಅಳತೆಯಲ್ಲಿ ಏನೂ ತಪ್ಪಿಲ್ಲದ, ಆದ್ರೂ ಡಬ್ಬಿಯಿಂದ ಹೊರಗೆ ಬರದ ಸೆಟ್ಟುಗಳನ್ನ ಹಿಡ್ಕೊಂಡು ಬರೋರನ್ನ ನೋಡ್ತಾನೇ ಇರ್ತೀನಿ. ನೋವಿದ್ಯಾ ಅಂದ್ರೆ ಇಲ್ಲ, ಸಡಿಲ ಆಗಿದ್ಯಾ ಅಂದ್ರೆ ಇಲ್ಲ, ಮತ್ತೇನು ಅಂದ್ರೆ "ಹಾಕ್ಕಂಡ್ರೆ ನಾನೇ ಅಲ್ಲ ಹೇಳಿ ಕಾಣ್ತು" ಅಂತಾರೆ.

ಡಾಕ್ಟರ್ ಲೆಕ್ಕದ ಸಮಸ್ಯೆ ಬೇರೇನೇ ಇತ್ತು. ಮೇಲೆ ಪೂರ್ತಿ ಸೆಟ್ಟು, ಕೆಳಗೆ ಬರೀ ಮುಂದಿನ ಸ್ವಂತ ಹಲ್ಲು, ಈ ಜೋಡಿ ಒಳ್ಳೇದಲ್ಲ. ಕೆಳಗಿನ ಗಟ್ಟಿ ಹಲ್ಲು ದಿನಾ ಕುಟ್ಟಿ ಕುಟ್ಟಿ ಮೇಲಿನ ಮುಂಭಾಗದ ಎಲುಬು ಸವೆದು ಅಲ್ಲಿನ ವಸಡು ಮೆತ್ತಗಾಗುತ್ತೆ, ಕೆಲ್ಲಿ ಅನ್ನೋರು 1972ರಲ್ಲೇ ಇದನ್ನ ವಿವರವಾಗಿ ಬರೆದಿದ್ದಾರೆ, ಕಾಂಬಿನೇಶನ್ ಸಿಂಡ್ರೋಮ್ ಅಂತಾರೆ. ಹಾಗಾಗಿ ಕೆಳಗೆ ಹಿಂದಿನ ಹಲ್ಲಿಗೆ ಕ್ಯಾಸ್ಟ್ ಪಾರ್ಶಿಯಲ್, ಅಂದ್ರೆ ಲೋಹದ ಚೌಕಟ್ಟಿನ, ತೆಗೆದು ಹಾಕೋ ಅರ್ಧ ಸೆಟ್ಟು, ಬೇಕೇ ಬೇಕು ಅಂತ ಮೊದಲೇ ತೀರ್ಮಾನ ಮಾಡ್ದೆ, ಮಗ ಒಪ್ಪಿದ್ರು. ಅದು ಸುಲಭದ ಭಾಗ.

ಕಷ್ಟದ್ದು ಬಣ್ಣ. ಕೆಳಗಿನ ಆರು ಹಲ್ಲು ಕ್ಲೀನಿಂಗ್ ಮಾಡಿದ್ಮೇಲೆ ಕಲೆ ಹೋಗಿ ಒಳಗಿನ ನಿಜವಾದ ಬಣ್ಣ ಕಂಡ್ತು. ಕಿಟಕಿ ಹತ್ರ ಕೂರ್ಸಿ ಶೇಡ್ ಗೈಡ್, ಅಂದ್ರೆ ಹಲ್ಲಿನ ಬಣ್ಣ ಹೋಲಿಸೋ ನಮೂನೆ ಸಾಲು, ಹಿಡಿದು ನೋಡಿದ್ರೆ ಎ3.5. ವೀಟಾ ಕ್ಲಾಸಿಕಲ್ ಗೈಡಲ್ಲಿ 16 ಶೇಡ್ ಇರುತ್ತೆ, ಎ ಸಾಲಲ್ಲಿ ಎ1 ತೀರಾ ತಿಳಿ, ಎ4 ತೀರಾ ಗಾಢ. ವಯಸ್ಸಾದಂಗೆ ಮೇಲಿನ ಎನಾಮಲ್ ತೆಳ್ಳಗಾಗುತ್ತೆ, ಒಳಗಿನ ಹಳದಿ ಡೆಂಟಿನ್ ದಪ್ಪ ಆಗುತ್ತೆ, ಆದ್ದರಿಂದ 68ರ ಹಲ್ಲು ಎ3.5 ಇರೋದು ಕೊಳಕಲ್ಲ, ಆರೋಗ್ಯವಾದ ಹಲ್ಲಿನ ಸಹಜ ಬಣ್ಣವೇ ಅದು. ಮಗ ಕೇಳ್ತಿದ್ದಿದ್ದು ಎ1, ಸಿಕ್ರೆ ಅದಕ್ಕಿಂತ ಬೆಳ್ಳಗಿಂದು.

ಮಾತಲ್ಲಿ ಮುಗಿಯದ್ದು

ಮೊದಲು ಮಾತಲ್ಲೇ ಹೇಳಿ ನೋಡ್ದೆ. ಮೇಲೆ ಎ1 ಕೆಳಗೆ ಎ3.5 ಇದ್ರೆ ಎದ್ದು ಕಾಣುತ್ತೆ ಅಂದೆ. ಮಗ "ಕೆಳಗಿನ ಹಲ್ಲು ಯಾರಿಗೆ ಕಾಣುತ್ತೆ ಡಾಕ್ಟ್ರೇ, ನಕ್ಕಾಗ ಮೇಲಿಂದೇ ಅಲ್ವಾ ಕಾಣೋದು" ಅಂದ್ರು.

ಇದು ಆ ವಯಸ್ಸಿನವರ ಅನುಭವಕ್ಕೆ ಸರಿಯಾಗೇ ಇದೆ, ಅದಕ್ಕೇ ಇದನ್ನ ಬಿಡಿಸಿ ಹೇಳಬೇಕು. 1978ರಲ್ಲಿ ವಿಗ್ ಮತ್ತು ಬ್ರುಂಡೋ ಅನ್ನೋ ಇಬ್ಬರು ತುಟಿ ಸಡಿಲ ಬಿಟ್ಟಾಗ ಎಷ್ಟು ಹಲ್ಲು ಕಾಣುತ್ತೆ ಅಂತ ವಯಸ್ಸಿನ ಪ್ರಕಾರ ಅಳೆದ್ರು. 30ರ ಒಳಗಿನವರಲ್ಲಿ ಮೇಲಿನ ಮುಂದಿನ ಹಲ್ಲು ಸರಾಸರಿ 3.37 ಮಿ.ಮೀ ಕಾಣ್ತಿತ್ತು, ಕೆಳಗಿಂದು ಬರೀ 0.51. ಅರವತ್ತು ದಾಟಿದವರಲ್ಲಿ ಉಲ್ಟಾ, ಮೇಲಿಂದು ಹೆಚ್ಚುಕಮ್ಮಿ ಸೊನ್ನೆ, ಕೆಳಗಿಂದು 2.95 ಮಿ.ಮೀ. ತುಟಿಯ ಬಿಗಿ ಕಮ್ಮಿಯಾಗಿ ಇಡೀ ಪರದೆ ಕೆಳಗೆ ಇಳಿದಿರುತ್ತೆ. ಅಂದ್ರೆ 20ರ ಮೊಮ್ಮಗಳ ಬಾಯಲ್ಲಿ ಮಾತಾಡುವಾಗ ಕಾಣೋದು ಮೇಲಿನ ಹಲ್ಲು, 68ರ ಅಜ್ಜಿ ಬಾಯಲ್ಲಿ ಕಾಣೋದು ಕೆಳಗಿನ ಹಲ್ಲು. ಮೊಮ್ಮಗಳು ಕನ್ನಡಿಯಲ್ಲಿ ದಿನಾ ನೋಡೋ ನಗು ಒಂದು ನಮೂನೆ, ಅಜ್ಜಿ ಕನ್ನಡಿಯಲ್ಲಿ ಕಾಣೋದೇ ಬೇರೆ ನಮೂನೆ. ಚಂದ ಅನ್ನೋದಕ್ಕೆ ಇಬ್ಬರೂ ಇಟ್ಕೊಂಡಿರೋ ಅಳತೆ ಒಂದೇ ಆಗೋದಾದ್ರೂ ಹೆಂಗೆ.

ಇದನ್ನೆಲ್ಲ ಹೇಳಿದೆ, ಮಗ ತಲೆ ಆಡಿಸಿದ್ರು, ಆದ್ರೆ ಮನಸ್ಸು ಎ1ರಲ್ಲೇ ಇತ್ತು. ಅಂಕಿ-ಅಂಶದಿಂದ ಯಾರ ಕಣ್ಣೂ ಬದಲಾಗಲ್ಲ, ಅದು ಸಹಜ. ಕಣ್ಣಿಗೆ ತೋರಿಸಲೇಬೇಕಿತ್ತು.

ಮೊದಲ ತಿರುವು: ಹಳೇ ಫೋಟೋ

ಮುಂದಿನ ಸಲ ಬರುವಾಗ ಅಜ್ಜಿಯ ಹಲ್ಲಿದ್ದ ಕಾಲದ ಫೋಟೋ ತನ್ನಿ ಅಂದಿದ್ದೆ. ಎರಡು ತಂದ್ರು. ಒಂದು ಮದುವೆಯದ್ದು ಕಪ್ಪು-ಬಿಳುಪು, ಅದ್ರಲ್ಲಿ ಬಾಯಿ ಬಿಗಿಯಾಗಿ ಮುಚ್ಚಿದೆ. ಇನ್ನೊಂದು ಯಾವುದೋ ಮದುವೆ ಮನೆಯಲ್ಲಿ ಹಾಡು ಹೇಳುವಾಗ ಯಾರೋ ತೆಗೆದಿದ್ದು, ಅದು ನಿಧಿ ಸಿಕ್ಕಂಗಾಯ್ತು. ಮುಂದಿನ ಎರಡು ಹಲ್ಲಿನ ಮಧ್ಯ ಸಣ್ಣ ಸಂದಿ, ಎಡಗಡೆ ಪಕ್ಕದ ಹಲ್ಲು ಸ್ವಲ್ಪ ತಿರುಗಿ ಮುಂದಿನದರ ಮೇಲೆ ಹತ್ತಿದೆ, ಅಂಚು ಸವೆದು ಚಪ್ಪಟೆ ಆಗಿದೆ.

ಫೋಟೋ ನೋಡಿದ ಎಂಟು ವರ್ಷದ ಮೊಮ್ಮಗ, ಅಂದ್ರೆ ಉಪನಯನದ ವಟು, "ಅಜ್ಜಿಗೂ ಸಂದಿ ಇತ್ತು, ನಂಗೂ ಇದ್ದು" ಅಂತ ಬಾಯಿ ತೆಗೆದು ತೋರ್ಸಿದ. ಅವನ ಅಮ್ಮನಿಗೆ ಅದೇ ಚಿಂತೆ, ತಂತಿ ಹಾಕ್ಸಬೇಕಾ ಅಂತ. ಆ ವಯಸ್ಸಲ್ಲಿ ಆ ಸಂದಿ ಸಾಮಾನ್ಯ, ಕೋರೆಹಲ್ಲು ಇಳಿದ್ಮೇಲೆ ಬಹಳಷ್ಟು ಮಕ್ಕಳಲ್ಲಿ ತಾನೇ ಮುಚ್ಕೊಳ್ಳುತ್ತೆ, ಸದ್ಯ ಕಾಯಿರಿ ಅಂದೆ. ಮಗುವಿಗೆ ಆ ಸಂದಿ ಬಗ್ಗೆ ಯಾವ ಬೇಜಾರೂ ಇರಲಿಲ್ಲ, ಅಜ್ಜಿ ಜೊತೆ ಹೋಲಿಕೆ ಸಿಕ್ಕಿದ್ದೇ ಖುಷಿ.

ಎರಡು ಸೆಟ್ಟು ಮಾಡಿದ್ದು

ಇಲ್ಲಿ ಒಂದು ನಿರ್ಧಾರ ತಗೊಂಡೆ. ಟ್ರೈ-ಇನ್ ಅಂದ್ರೆ ಹಲ್ಲನ್ನ ಮೇಣದಲ್ಲಿ ಜೋಡ್ಸಿ ಬಾಯಲ್ಲಿಟ್ಟು ನೋಡೋ ಹಂತ, ಬೇಯಿಸಿ ಗಟ್ಟಿ ಮಾಡೋಕೆ ಮುಂಚೆ. ಆಮೇಲೆ ಬದಲಿಸೋದು ದೊಡ್ಡ ಕಷ್ಟ, ಈ ಹಂತದಲ್ಲಿ ಏನು ಬೇಕಾದ್ರೂ ಮಾಡಬಹುದು. ಸಾಮಾನ್ಯವಾಗಿ ಒಂದೇ ಮಾಡೋದು. ನಾನು ಎರಡು ಮಾಡ್ದೆ. ಲ್ಯಾಬಿನವರಿಗೆ ಎರಡು ಸಲದ ಕೆಲಸ, ನನಗೂ ಖರ್ಚು, ಆದ್ರೂ ಈ ಮನೆಯವರಿಗೆ ಬೇರೆ ದಾರಿ ಇಲ್ಲ ಅನ್ನಿಸ್ತು.

ಒಂದನೇದು ಮಗ-ಮೊಮ್ಮಗಳು ಕೇಳಿದ್ದು. ಎ1, ನೇರ ಸಾಲು, ತುಟಿ ಸಡಿಲ ಇದ್ದಾಗಲೂ 3 ಮಿ.ಮೀ ಹತ್ರ ಕಾಣೋ ಹಂಗೆ, ಮೂಲೆವರೆಗೂ ಅಗಲ. ಎರಡನೇದು ಹಳೇ ಫೋಟೋ ನೋಡಿ ಮಾಡಿದ್ದು. ಎ3.5, ಮೇಲಿನ ಹಲ್ಲು ತುಟಿ ಕೆಳಗೆ 1 ಮಿ.ಮೀ ಒಳಗೇ. ವ್ಯಾಕ್ಸ್ ನೈಫ್ ದೀಪಕ್ಕೆ ಹಿಡಿದು ಎಡಗಡೆ ಪಕ್ಕದ ಹಲ್ಲಿನ ಸುತ್ತ ಮೇಣ ಕರಗಿಸಿ, ಬೆರಳಲ್ಲಿ ಕೂದಲೆಳೆಯಷ್ಟು ತಿರುಗಿಸಿ, ಮೇಣ ಆರೋವರೆಗೂ ಹಿಡ್ಕೊಂಡು ಕೂತೆ. ಅಂಚನ್ನ ಸ್ವಲ್ಪ ಉಜ್ಜಿ ಚಪ್ಪಟೆ ಮಾಡ್ದೆ, ಮಧ್ಯ ಸಂದಿ ಬಿಟ್ಟೆ. ಈ ಕೆಲಸ ಕೂತು ಮಾಡುವಾಗ ಅಚ್ಚರಿ ಆಗುತ್ತೆ, ಅಷ್ಟು ಸಣ್ಣ ತಿರುವಿಗೆ ಪ್ಲಾಸ್ಟಿಕ್ ಸಾಲು ಹೋಗಿ ಯಾರದೋ ಬಾಯಿ ಬಂದು ಕೂರುತ್ತೆ.

ಎರಡಕ್ಕೂ ಬರೀ ನಂಬರ್ ಹಾಕಿದ್ದೆ. ಯಾವುದು ಯಾರು ಕೇಳಿದ್ದು, ಯಾವುದು ನನ್ನ ಇಷ್ಟ, ಏನೂ ಹೇಳಲಿಲ್ಲ. ಒಬ್ಬೊಬ್ಬರನ್ನೇ ಒಳಗೆ ಕರೆದೆ, ಎಲ್ಲ ಒಟ್ಟಿಗೆ ಇದ್ರೆ ಮಗ ಹೇಳಿದ್ದಕ್ಕೆ ಎಲ್ಲರೂ ಹೂಂ ಅಂತಾರೆ. ಒಬ್ಬರಿಗೆ ಒಂದನೇದು ಮೊದಲು, ಇನ್ನೊಬ್ಬರಿಗೆ ಎರಡನೇದು ಮೊದಲು. ಯಾವುದು ಚಂದ ಅಂತ ಕೇಳೋಕೆ ಮುಂಚೆ, ಮೊದಲು ನಿಮ್ಮ ಕಣ್ಣು ಎಲ್ಲಿ ಹೋಯ್ತು ಅಂತ ಕೇಳ್ದೆ. ಇಡೀ ಕೇಸಲ್ಲಿ ಉಪಯೋಗಕ್ಕೆ ಬಂದ ಪ್ರಶ್ನೆ ಇದೇ.

ಯಾರು ಏನಂದ್ರು

ಮೊಮ್ಮಗಳು ಫೋಟೋ ತೆಗೆದು ನೋಡಿದ್ಲು. ಅಜ್ಜಿಗೆ ನಗು ಅಂದ್ಲು, ಕ್ಲಿಕ್ ಮಾಡಿದ್ಲು, ಎರಡು ಫೋಟೋ ಪಕ್ಕ ಪಕ್ಕ ಇಟ್ಟು ದೊಡ್ಡದು ಮಾಡಿ ನೋಡಿ ಒಂದನೇದು ಅಂದ್ಲು. ಕಣ್ಣು ಹೋಗಿದ್ದು ಬಣ್ಣಕ್ಕೆ, ಮೂಲೆಯ ಕತ್ತಲೆಗೆ, ವಸಡು ಎಷ್ಟು ಕಂಡ್ತು ಅನ್ನೋದಕ್ಕೆ. ಎರಡನೇದರ ತಿರುಗಿದ ಹಲ್ಲನ್ನ ತಕ್ಷಣ ಹಿಡಿದ್ಲು, "ಇದು ಸರಿ ಕೂತಿಲ್ಲ" ಅಂದ್ಲು. ತಂತಿ ಹಾಕಿ ಹಲ್ಲು ಸಾಲು ಮಾಡ್ಸಿಕೊಂಡ ಕಾಲದ ಮಕ್ಕಳು, ಕ್ಲಾಸಲ್ಲಿ ಅರ್ಧ ಜನರ ಬಾಯಲ್ಲಿ ಬ್ರೇಸಸ್ ನೋಡಿ ಬೆಳೆದೋರು, ಅವರ ಕಣ್ಣು ಆ ಕಡೆ ಹರಿತ ಆಗಿರುತ್ತೆ.

ಮಗ ಒಂದನೇದು. ಕಾರಣ ಕೇಳಿದ್ರೆ "ಆಯಿ ಹತ್ತು ವರ್ಷ ಸಣ್ಣ ಕಾಣ್ತಾಳೆ" ಅಂದ್ರು. ಆ ಮಾತಿನ ಹಿಂದೆ ಇದ್ದಿದ್ದು ಹಲ್ಲಿನ ಚಂದ ಅಲ್ಲ ಅಂತ ನನಗೆ ಅನ್ನಿಸ್ತು. ಊರಿಂದ ದೂರ ಇದ್ದು ವರ್ಷಕ್ಕೆರಡು ಸಲ ಬಂದು ಅಮ್ಮನ ಮುಖ ನೋಡೋ ಮಗನಿಗೆ ಪ್ರತಿ ಸಲ ಅಮ್ಮ ಒಂದು ಮೆಟ್ಟಿಲು ಇಳಿದಂಗೆ ಕಾಣುತ್ತೆ, ಅದನ್ನ ತಡೆಯೋ ಶಕ್ತಿ ಹಲ್ಲಿನ ಬಣ್ಣಕ್ಕಿದೆ ಅಂತ ಅವರು ನಂಬಿದ್ರು.

ಸೊಸೆ ಹಲ್ಲೇ ನೋಡಲಿಲ್ಲ. ತುಟಿ ನೋಡಿದ್ರು. ಮೇಲಿನ ಹಲ್ಲು ಹೋದ್ಮೇಲೆ ತುಟಿ ಒಳಗೆ ಸೇರ್ಕೊಂಡು ಸುತ್ತ ಗೆರೆ ಬಿದ್ದಿರುತ್ತಲ್ಲ, ಅದು ತುಂಬಿ ಬಂದಿದೆ ಎರಡರಲ್ಲೂ, ಯಾವುದಾದ್ರೂ ಅಡ್ಡಿಲ್ಲ ಅಂದ್ರು. ನಲವತ್ತು ದಾಟಿದ ಹೆಂಗಸರು ಈ ಗೆರೆ ಗಮನಿಸೋದು ಜಾಸ್ತಿ, ಇಪ್ಪತ್ತರವರು ಅದನ್ನ ಕಾಣೋದೇ ಇಲ್ಲ ಅನ್ನೋದು ನನ್ನ ಕ್ಲಿನಿಕ್ಕಿನ ಅನುಭವ.

ವಟು ಒಂದನೇದು ಹಾಕಿದಾಗ "ಅಜ್ಜಿಗೆ ಸಿಟ್ಟು ಬಂದಂಗೆ ಕಾಣ್ತು" ಅಂದ. ಸರಿಯಾಗಿ ನೋಡಿದ್ರೆ ಅವನು ಹೇಳಿದ್ದು ನಿಜ. ಹಲ್ಲು ಉದ್ದ ಇದ್ದಿದ್ದಕ್ಕೆ ತುಟಿ ಮುಚ್ಚೋಕೆ ಅಜ್ಜಿ ಬಿಗಿ ಮಾಡ್ತಿದ್ರು, ಗಲ್ಲದ ಹತ್ರ ಚರ್ಮ ಸುಕ್ಕಾಗ್ತಿತ್ತು. ನಾವೆಲ್ಲ ನಗುವಿಗೆ ಕಾಯ್ತಿದ್ವಿ, ಹುಡುಗ ನಗು ಮುಗಿದ ಮೇಲಿನ ಮುಖ ನೋಡಿದ್ದ.

ಅಜ್ಜ ಒಳಗೆ ಬಂದು ಕೂತು, ಎರಡನೇದು ಹಾಕಿದ ಕೂಡಲೇ "ಇದು ಯಮ್ಮನೆದು" ಅಂದ್ರು. ಒಂದನೇದಕ್ಕೆ ತಲೆ ಅಡ್ಡ ಆಡಿಸಿದ್ರು, ಅಷ್ಟೇ. ಕಣ್ಣು ಎಲ್ಲಿ ಹೋಯ್ತು ಅಂದ್ರೆ ಆ ಸಂದಿಗೆ.

ಇಲ್ಲಿವರೆಗೆ ನೋಡಿದ್ರೆ ಚಿಕ್ಕವರಿಗೆ ಬಿಳಿ, ದೊಡ್ಡವರಿಗೆ ಸಹಜ ಅಂತ ಬರೆದು ಮುಗಿಸಬಹುದಿತ್ತು. ಆದ್ರೆ ಅಜ್ಜಿ ಜೊತೆ ಹಾಡೋ ಗೆಳತಿಯೊಬ್ಬರು ಪೇಟೆಗೆ ಬಂದವರು ಜೊತೆಗೇ ಬಂದಿದ್ರು, ಅವರಿಗೆ ಅಜ್ಜಿಗಿಂತ ಎರಡು ಮೂರು ವರ್ಷ ಜಾಸ್ತಿ. ಅವರು ಅನುಮಾನವೇ ಇಲ್ಲದೆ ಒಂದನೇದು ಅಂದ್ರು. "ಹೊಸತು ಮಾಡ್ಸಿದ್ಮೇಲೆ ಹೊಸತರಂಗೇ ಕಾಣವು, ಇಷ್ಟು ದುಡ್ಡು ಕೊಟ್ಟು ಹಳೇ ಹಲ್ಲು ಯಂತಕ್ಕೆ?" ಅಂದ್ರು. ಈ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ, ಇವತ್ತಿಗೂ ಇದು ನ್ಯಾಯವಾದ ಮಾತೇ ಅಂತ ನನ್ನ ಅಭಿಪ್ರಾಯ. ಬಾಯಿ ತುಂಬ ಹಲ್ಲು ಇರೋದೇ ಭಾಗ್ಯ ಅನ್ನೋ ಕಾಲ ನೋಡಿದವರು, ಅವರಿಗೆ ಬಿಳಿ ಸಾಲು ಅಂದ್ರೆ ಆರೋಗ್ಯ, ಅನುಕೂಲ, ಮಕ್ಕಳು ಚೆನ್ನಾಗಿ ನೋಡ್ಕೋತಿದ್ದಾರೆ ಅನ್ನೋ ಗುರುತು.

ಎರಡನೇ ತಿರುವು: ವಿಡಿಯೋ

ಕೊನೆಗೆ ಅಜ್ಜಿಗೆ ಎರಡೂ ಸೆಟ್ಟು ಒಂದಾದ್ಮೇಲೊಂದು ಹಾಕಿ ಮಾತಾಡಿಸಿದೆ. ಐವತ್ತರಿಂದ ಎಣಿಸಿ ಅಂದೆ, ಐವತ್ತು ಐವತ್ತೊಂದು ಅನ್ನುವಾಗ "ವ" ಅಕ್ಷರಕ್ಕೆ ಮೇಲಿನ ಹಲ್ಲಿನ ತುದಿ ಕೆಳತುಟಿಯ ಒದ್ದೆ-ಒಣ ಗೆರೆಗೆ ಹಗುರಾಗಿ ತಾಗಬೇಕು, ಜಾಸ್ತಿ ಉದ್ದ ಇದ್ರೆ ತುಟಿಗೆ ಕುತ್ತುತ್ತೆ. ಸಾಸಿವೆ ಅನ್ನಿಸಿದೆ, "ಸ"ಗೆ ಸೀಟಿ ಹೊಡೀಬಾರದು. ಒಂದನೇದರಲ್ಲಿ "ವ" ತೊಡರ್ತಿತ್ತು. ಆಮೇಲೆ ಒಂದು ಹಾಡು ಹೇಳಿ ಅಂದೆ. ನಾಚಿದ್ರು, ಗೆಳತಿ ಶುರು ಮಾಡಿದ್ರು, ಇವರು ಸೇರಿಸಿದ್ರು. ಮೊಮ್ಮಗಳು ಎರಡೂ ಸಲ ವಿಡಿಯೋ ಮಾಡಿದ್ಲು.

ವಿಡಿಯೋ ನೋಡುವಾಗ ಅವಳೇ ನಿಲ್ಲಿಸಿ, ಹಿಂದೆ ಮಾಡಿ, ಮತ್ತೆ ನೋಡಿದ್ಲು. ಒಂದನೇ ಸೆಟ್ಟಲ್ಲಿ ಹಾಡುವಾಗ ಕೆಳಗಿನ ಆರು ಹಲ್ಲು ಉದ್ದಕ್ಕೂ ಕಾಣ್ತಿದ್ವು, ಮೇಲೆ ಬಿಳಿ ಪಟ್ಟಿ ಬಂದು ಬಂದು ಹೋಗ್ತಿತ್ತು. "ಮೇಲೆ ಬೇರೆ ಯಾರದೋ, ಕೆಳಗೆ ಅಜ್ಜಿದು" ಅಂದ್ಲು. ಅಪ್ಪನಿಗೆ ಫೋನ್ ಕೊಟ್ಲು. ಅವರು ಬಹಳ ಹೊತ್ತು ನೋಡಿದ್ರು. ನಾನು ಮೊದಲು ಹೇಳಿದ್ದ ವಿಗ್-ಬ್ರುಂಡೋ ಅಂಕಿ ಆ ಒಂದು ನಿಮಿಷದ ವಿಡಿಯೋದಲ್ಲಿ ಪೂರ್ತಿ ಇತ್ತು.

ನಗುವಿನ ಚಂದದ ಮೇಲಿನ ಸಂಶೋಧನೆ ಬಹಳಷ್ಟು ನಡೆಯೋದು ನಿಂತ ಫೋಟೋ ಮೇಲೆ. ಒಂದು ಫೋಟೋ ತಗೊಂಡು ಕಂಪ್ಯೂಟರಲ್ಲಿ ಸಂದಿ, ವಸಡು, ಹಲ್ಲಿನ ಓರೆ ಇವನ್ನ ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡ್ತಾ ಹೋಗಿ ಜನರ ಹತ್ರ ಮಾರ್ಕ್ಸು ಹಾಕಿಸ್ತಾರೆ. 1999ರಲ್ಲಿ ಕೋಕಿಚ್ ಮತ್ತು ಸಂಗಡಿಗರು ಮಾಡಿದ ಪ್ರಸಿದ್ಧ ಅಧ್ಯಯನದಲ್ಲಿ ನಗುವಾಗ ವಸಡು 2 ಮಿ.ಮೀ ಕಂಡ್ರೇ ಆರ್ಥೋಡಾಂಟಿಸ್ಟುಗಳು (ಹಲ್ಲಿಗೆ ತಂತಿ ಹಾಕೋ ತಜ್ಞರು) ತಪ್ಪು ಹಿಡಿದ್ರು, ಸಾಮಾನ್ಯ ಜನಕ್ಕೆ 4 ಮಿ.ಮೀ ಬೇಕಾಯ್ತು. ಹಲ್ಲಿನ ಮಧ್ಯಗೆರೆ 4 ಮಿ.ಮೀ ಪಕ್ಕಕ್ಕೆ ಹೋದ್ರೂ ಸಾಮಾನ್ಯ ಜನ ಗಮನಿಸಲೇ ಇಲ್ಲ. ನಾವು ಡಾಕ್ಟರುಗಳು ನಮ್ಮ ಕಣ್ಣನ್ನ ನಂಬಿ ಮಾಡೋ ಎಷ್ಟೋ ತಿದ್ದುಪಡಿ ಮನೆಯವರಿಗೆ ಕಾಣೋದೇ ಇಲ್ಲ ಅನ್ನೋದನ್ನ ಇದು ಹೇಳುತ್ತೆ, ಒಳ್ಳೇ ಕೆಲಸ. ಆದ್ರೆ ಹಿರಿಯರ ಸೆಟ್ಟಿಗೆ ಫೋಟೋ ಸಾಲದು, ಮಾತಾಡೋ ಬಾಯಿ ನೋಡಬೇಕು.

ಮೂರನೇ ತಿರುವು: ಅಜ್ಜಿ ಬಾಯಿಬಿಟ್ಟಿದ್ದು

ಈಗ ಎಲ್ಲರೂ ಎರಡನೇದಕ್ಕೆ ವಾಲಿದ್ರು, ಅಜ್ಜ ಗೆದ್ದಂಗೆ ಕೂತಿದ್ರು. ನನ್ನ ಮನಸ್ಸಿಗೂ ಅದೇ ಸರಿ ಅನ್ನಿಸಿತ್ತು. ಎಲ್ಲರನ್ನೂ ಹೊರಗೆ ಕೂರಿಸಿ ಅಜ್ಜಿ ಕೈಗೆ ಕನ್ನಡಿ ಕೊಟ್ಟೆ. ಮುಖ ಕಾಣೋ ದೊಡ್ಡ ಕನ್ನಡಿಯನ್ನೇ ಕೊಡಬೇಕು, ಬಾಯಿ ಮಾತ್ರ ಕಾಣೋ ಸಣ್ಣ ಕನ್ನಡಿ ಕೊಟ್ರೆ ಯಾರಾದ್ರೂ ಹಲ್ಲಿನ ತಪ್ಪು ಹುಡುಕೋಕೇ ಹೋಗ್ತಾರೆ.

ಒಂದನೇದು ಹಾಕಿದಾಗ "ಚೊಲೋ ಇದ್ದು ತಂಗಿ, ಆದ್ರೆ ಯಾರ ಬಾಯಿ ಇದು?" ಅಂದ್ರು. ಎರಡನೇದು ಹಾಕಿದೆ. ಸುಮಾರು ಹೊತ್ತು ನೋಡಿ, ಬೆರಳು ತಗೊಂಡು ಹೋಗಿ ಆ ಮಧ್ಯದ ಸಂದಿ ಮೇಲೆ ಇಟ್ರು.

"ಈ ಸಂದಿ ಕಾಣದೇ ಇರ್ಲಿ ಹೇಳಿ ನಾ ಎಷ್ಟು ವರ್ಷ ಬಾಯಿಗೆ ಸೆರಗು ಅಡ್ಡ ಹಿಡ್ಕಂಡಿದ್ದಿ, ಇವಕ್ಕೆ ಯಾರಿಗೂ ಗೊತ್ತಿಲ್ಲೆ."

ಮದುವೆ ಫೋಟೋದಲ್ಲಿ ಬಾಯಿ ಯಾಕೆ ಅಷ್ಟು ಬಿಗಿಯಾಗಿ ಮುಚ್ಚಿತ್ತು ಅಂತ ಆಗ ತಿಳೀತು. ಅಜ್ಜನಿಗೆ ಪ್ರೀತಿಯ ಗುರುತಾಗಿದ್ದು, ಮೊಮ್ಮಗನಿಗೆ ಹೋಲಿಕೆಯ ಖುಷಿಯಾಗಿದ್ದು, ಅವರಿಗೆ ಹುಡುಗಿಯಾಗಿದ್ದಾಗಿಂದ ಮುಚ್ಚಿಟ್ಟ ಸಂಗತಿ. ತಿರುಗಿದ ಹಲ್ಲು ಇರ್ಲಿ ಅಂದ್ರು, ಅದು ತನ್ನ ಆಯಿಯದ್ದೂ ಹಂಗೇ ಇತ್ತಂತೆ. ಸಂದಿ ಬೇಡ. ಬಣ್ಣ ಕೂಡ "ಒಂಚೂರು, ಒಂಚೂರೇ, ತಿಳಿ ಇರ್ಲಿ" ಅಂದ್ರು. ಏನು ಬೇಕು ಅಂತ ಕೇಳಿದಾಗ ಏನೂ ಇಲ್ಲ ಅಂದಿದ್ದ ಹೆಂಗಸಿಗೆ ಎಲ್ಲದರ ಬಗ್ಗೆಯೂ ಸ್ಪಷ್ಟ ಅಭಿಪ್ರಾಯ ಇತ್ತು, ಕೈಗೆ ಕನ್ನಡಿ ಬಂದು ಸುತ್ತ ಮನೆಯವರು ಇಲ್ಲದಾಗ ಹೊರಗೆ ಬಂತು.

ಕೊನೆಗೆ ಮಾಡಿದ್ದು

ಮುಂದಿನ ನಾಲ್ಕು ಹಲ್ಲು ಎ3, ಕೋರೆಹಲ್ಲು ಎ3.5. ಸ್ವಂತ ಹಲ್ಲಲ್ಲೂ ಕೋರೆ ಪಕ್ಕದವಕ್ಕಿಂತ ಗಾಢ ಇರುತ್ತೆ, ಹಾಗಾಗಿ ರೆಡಿಮೇಡ್ ಹಲ್ಲು ಜೋಡ್ಸಿ ಬರೋ ಎರಡು ಕಾರ್ಡಿಂದ ಹಲ್ಲು ತಗೊಂಡು ಬೆರೆಸಿದ್ವಿ. ಸಂದಿ ಮುಚ್ಚಿದೆ, ಎಡಗಡೆ ತಿರುವು ಉಳಿಸಿದೆ. ಉದ್ದ ಎರಡನೇದರದ್ದೇ, "ವ" ಸರಿಯಾಗಿ ಬರೋ ಹಂಗೆ ನೋಡಿ ಕೂದಲಷ್ಟು ಇಳಿಸಿದೆ. ಕೆಳಗೆ ಕ್ಯಾಸ್ಟ್ ಪಾರ್ಶಿಯಲ್. ಮೊಮ್ಮಗಳು ಹೇಳಿದ ಮೂಲೆಯ ಕತ್ತಲೆ ಮಾತನ್ನೂ ಬಿಡಲಿಲ್ಲ, ಹಿಂದಿನ ಹಲ್ಲನ್ನ ಸ್ವಲ್ಪ ಹೊರಗೆ ತಂದೆ, ಅವಳ ಕಣ್ಣು ಆ ವಿಷಯದಲ್ಲಿ ಸರಿ ಇತ್ತು.

ಮಗನಿಗೆ ಅಜ್ಜಿಯೇ ಹೇಳಬೇಕು ಅಂತ ನಾನು ಸುಮ್ಮನಿದ್ದೆ. "ತಮಾ, ಯಂಗೆ ಇದೇ ಅಡ್ಡಿಲ್ಲೆ" ಅಂದ್ರು. ಅವರು ಒಪ್ಪಿದ್ರು, ಪೂರ್ತಿ ಮನಸ್ಸಿಂದ ಅಲ್ಲ. ಉಪನಯನದ ಆಲ್ಬಂ ಬಂದಾಗ ಆಯಿ ಹಲ್ಲು ಇನ್ನೂ ಸ್ವಲ್ಪ ಬೆಳ್ಳಗಿದ್ರೆ ಚೆನ್ನಾಗಿತ್ತು ಅಂತ ಫೋನಲ್ಲಿ ಹೇಳಿದ್ರು, ಫೋಟೋದ ಮಟ್ಟಿಗೆ ಅವರು ಹೇಳಿದ್ದು ತಪ್ಪಲ್ಲ. ಅದೇ ಫೋನಲ್ಲಿ, ಆಯಿ ಆವತ್ತು ಬೆಳಗಿಂದ ಸಂಜೆವರೆಗೂ ಸೆಟ್ ತೆಗೀಲೇ ಇಲ್ಲ, ಹಾಡಿಗೆ ಮುಂದೆ ಕೂತಿದ್ಲು ಅಂತನೂ ಹೇಳಿದ್ರು.

ತೊಂದರೆ ಬರಲಿಲ್ಲ ಅಂತಲ್ಲ. ಮೊದಲ ವಾರ ಒಂದು ಕಡೆ ಹುಣ್ಣಾಗಿತ್ತು, ಉಜ್ಜಿ ಸರಿ ಮಾಡ್ದೆ. ಹಲಸಿನ ಹಪ್ಪಳ ಮುಂದಿನ ಹಲ್ಲಲ್ಲಿ ಕಚ್ಚಬೇಡಿ, ಮುರಿದು ಹಿಂದೆ ಹಾಕ್ಕೊಳ್ಳಿ ಅಂದೆ. ಕವಳ ಹಾಕಿದ್ರೆ ಸೆಟ್ಟಿಗೂ ಕಲೆ ಹಿಡಿಯುತ್ತೆ ಅಂದಿದ್ದೆ. ಕಲೆ ಹಿಡಿದಿತ್ತು ಕೂಡ, ದಿನಕ್ಕೊಂದಕ್ಕೆ ಇಳಿಸಿದ್ದೇನೆ ಅಂದ್ರು. ಆರು ತಿಂಗಳಿಗೊಮ್ಮೆ ಬಂದು ಕೆನ್ನೆ ಒಳಗೆ ತೋರಿಸ್ಕೊಂಡು ಹೋಗಬೇಕು ಅಂತ ಹೇಳಿದ್ದನ್ನ ಮಾತ್ರ ತಪ್ಪಿಸಿಲ್ಲ.

ಇದರಿಂದ ನನ್ನ ಕೆಲಸದಲ್ಲಿ ಬದಲಾಗಿದ್ದು

ಒಂದು ಮನೆಯ ಕೇಸಿಂದ ಯಾವ ವಯಸ್ಸಿನವರಿಗೆ ಎಂಥ ನಗು ಇಷ್ಟ ಅಂತ ನಿಯಮ ಮಾಡೋಕಾಗಲ್ಲ, ಆ ಗೆಳತಿಯೇ ಅದಕ್ಕೆ ಸಾಕ್ಷಿ. ಆದ್ರೆ ವಯಸ್ಸಿನ ಪ್ರಕಾರ ಕಣ್ಣು ಎಲ್ಲಿ ಹೋಗಿ ನಿಲ್ಲುತ್ತೆ ಅನ್ನೋದು ಬೇರೆ ಬೇರೆ ಅಂತ ಇಲ್ಲಿ ಚೆನ್ನಾಗಿ ಕಂಡ್ತು. ಎಳೆಯವರ ಕಣ್ಣು ಹಲ್ಲಿಗೆ, ನಡುವಯಸ್ಸಿನವರದ್ದು ತುಟಿಗೆ ಮತ್ತು ವಯಸ್ಸು ಎಷ್ಟು ಕಾಣುತ್ತೆ ಅನ್ನೋದಕ್ಕೆ, ಜೊತೆಗೆ ಬಾಳಿದವರದ್ದು ಹಳೇ ಗುರುತಿಗೆ. ಇವು ಒಂದನ್ನೊಂದು ಸುಳ್ಳು ಮಾಡಲ್ಲ, ಆದ್ರೆ ಇದರಲ್ಲಿ ಯಾವುದೂ ಹಾಕ್ಕೊಳ್ಳೋರ ಕಣ್ಣಲ್ಲ.

ಈಗ ಹಿರಿಯರ ಟ್ರೈ-ಇನ್ ದಿನ ಫೋಟೋ ಜೊತೆ ಮಾತಾಡೋ ವಿಡಿಯೋ ಕಡ್ಡಾಯ ಮಾಡಿದ್ದೀನಿ, ಕೆಳಗೆ ಸ್ವಂತ ಹಲ್ಲು ಉಳಿದಿದ್ರಂತೂ ಬಿಡೋದೇ ಇಲ್ಲ. ಹಳೇ ಫೋಟೋ ಕೇಳ್ತೀನಿ, ಆದ್ರೆ ಅದನ್ನ ನಕಲು ಮಾಡೋಕೆ ಮುಂಚೆ ಆ ಹಲ್ಲು ಅವರಿಗೆ ಇಷ್ಟ ಇತ್ತಾ ಅಂತ ಕೇಳ್ತೀನಿ. ಮನೆಯವರ ಮಾತು ಪೂರ್ತಿ ಕೇಳಿದ್ಮೇಲೆ ಅವರನ್ನ ಹೊರಗೆ ಕೂರಿಸಿ ಒಂದಷ್ಟು ಹೊತ್ತು ಕನ್ನಡಿ ಜೊತೆ ಒಬ್ಬರನ್ನೇ ಬಿಡ್ತೀನಿ. ಎರಡು ಟ್ರೈ-ಇನ್ ಎಲ್ಲರಿಗೂ ಮಾಡೋಕಾಗಲ್ಲ, ಖರ್ಚು ಬರುತ್ತೆ, ಮನೆಯವರ ಅಭಿಪ್ರಾಯ ಒಂದು ಕಡೆ ಪೇಷಂಟ್ ಮೌನ ಇನ್ನೊಂದು ಕಡೆ ಇದ್ದಾಗ ಮಾತ್ರ ಮಾಡ್ತೀನಿ.

ಆ ಗೆಳತಿ ಮಳೆಗಾಲ ಮುಗಿದ್ಮೇಲೆ ತಮ್ಮ ಸೆಟ್ ಮಾಡಿಸೋಕೆ ಬಂದ್ರು. ಅವರಿಗೆ ಮೇಲೂ ಇಲ್ಲ ಕೆಳಗೂ ಇಲ್ಲ, ಹೊಂದಿಸಬೇಕಾದ ಸ್ವಂತ ಹಲ್ಲು ಒಂದೂ ಇಲ್ಲ. ವಿಡಿಯೋ ಮಾಡಿ ತೋರ್ಸಿದೆ, ಒಬ್ಬರನ್ನೇ ಕನ್ನಡಿ ಜೊತೆ ಬಿಟ್ಟೆ, ಎರಡರ ನಂತರವೂ ಅವರದ್ದು ಒಂದೇ ಮಾತು. ಎ1 ಹಾಕಿ ಕೊಟ್ಟಿದ್ದೀನಿ, ದಿನಾ ಹಾಕ್ಕೋತಿದ್ದಾರೆ.